‘ಉಂಡು ಮಲಗೋ ತನಕ’ ನಾಟಕಕ್ಕೆ ಹೆಗಲು ಕೊಟ್ಟವರಿಗೆ

ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಬೀದಿ ಬೀದಿಯಲ್ಲಿ ನಾಟಕ ಆಡಿದ ನಮ್ಮ ಹದಿನಾರು ದಿನ ಡಿಸೆಂಬರ್ 10ಕ್ಕೆ ಮುಗಿಯಿತು. ಎಲ್ಲರ ಗಂಟಲೂ ಕೂತಿದೆ. ಥ್ಯಾಂಕ್ಸ್ ಹೇಳಬೇಕಾದವರು ಜಾಸ್ತಿ ಇದ್ದಾರೆ, ಯಾರನ್ನಾದರೂ ಬಿಟ್ಟರೆ ಬೈಯಬೇಡಿ.

ನಾವು ಹನ್ನೊಂದು ಜನ, ಎಲ್ಲರೂ ಬೊಮ್ಮನಹಳ್ಳಿ ಸುತ್ತಮುತ್ತ ಇರುವವರು. ಒಡಿಶಾದಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ಇಬ್ಬರು ಹುಡುಗಿಯರು, ನೇಪಾಳದ ಒಬ್ಬ ಹುಡುಗ, ಮನೆಯಲ್ಲಿ ತಮಿಳು ಆಡುವ ಮೂವರು, ಉರ್ದು ಆಡುವ ಇಬ್ಬರು, ಉಳಿದ ನಾವು ಮಂಡ್ಯ, ರಾಯಚೂರು ಕಡೆಯವರು.

ನವೆಂಬರ್ 25ಕ್ಕೇ ಯಾಕೆ ಶುರು ಅಂತ ಟೀ ಅಂಗಡಿ ಅಣ್ಣ ಕೇಳಿದ್ದರು. ಆವತ್ತು ಗಿರಾಕಿಗಳ ಗಲಾಟೆ, ಹೇಳಲಾಗಲಿಲ್ಲ. ಈಗ ಕೇಳಿ ಅಣ್ಣ. ಡೊಮಿನಿಕನ್ ರಿಪಬ್ಲಿಕ್ ಅಂತ ಒಂದು ದೇಶ. ಅಲ್ಲಿನ ಸರ್ವಾಧಿಕಾರಿ ತ್ರುಹಿಯೊಗೆ ಎದುರು ನಿಂತವರು ಮಿರಾಬಾಲ್ ಮನೆಯ ಅಕ್ಕತಂಗಿಯರು. ಪಾತ್ರಿಯಾ, ಮಿನೆರ್ವಾ, ಮರಿಯಾ ತೆರೇಸಾ. 1960ರ ನವೆಂಬರ್ 25ರಂದು, ಜೈಲಿನಲ್ಲಿದ್ದವರನ್ನು ಮಾತಾಡಿಸಿ ಬರುವಾಗ ಮೂವರನ್ನೂ ಹೊಡೆದು ಕೊಂದರು. ಆಮೇಲೆ ಜೀಪನ್ನು ಕಣಿವೆಗೆ ತಳ್ಳಿ, ಅಪಘಾತ ಅಂದರು. 1981ರಲ್ಲಿ ಬೊಗೋಟಾದಲ್ಲಿ ಸೇರಿದ್ದ ಲ್ಯಾಟಿನ್ ಅಮೆರಿಕದ ಹೆಂಗಸರು, ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ದನಿ ಎತ್ತೋಕೆ ಈ ದಿನವನ್ನು ಆರಿಸಿಕೊಂಡರು, 1999ರಲ್ಲಿ ವಿಶ್ವಸಂಸ್ಥೆಯೂ ಒಪ್ಪಿತು. ಈ ಕಥೆ ಕೇಳಿ ನಮ್ಮ ಅಂಗನವಾಡಿ ಟೀಚರ್ ಅಂದಿದ್ದು ಇಷ್ಟೇ: "ನಮ್ಮಲ್ಲಿ ಸ್ಟವ್ ಸಿಡೀತು ಅಂತಿದ್ರಲ್ಲ, ಹಂಗೆ." ಟೀಚರ್, ಆ ಮಾತನ್ನು ನಾಟಕಕ್ಕೆ ಹಾಕಿಕೊಂಡಿದ್ದೇವೆ.

ನಾಟಕದ ಹೆಸರು ಸಿಕ್ಕಿದ್ದು ಸುಮ್ನೆ ಕೂತು ಹರಟುವಾಗ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ನಮ್ಮ ಗಾದೆ ಹೇಳಿದೆ. ತಮಿಳಿನ ಗೆಳೆಯ, ‘ಅಡಿಕ್ಕಿರ ಕೈದಾನ್ ಅಣೈಕ್ಕುಂ’ ಅಂದ. ಹೊಡೆಯುವ ಕೈಯೇ ತಬ್ಬುವುದು ಅಂತ. ಉರ್ದು ಆಡುವವಳು ‘ಘರ್ ಕೀ ಬಾತ್ ಘರ್ ಮೇ’ ಅಂದಳು. ಮನೆಯ ಮಾತು ಮನೆಯಲ್ಲೇ ಇರಲಿ ಅಂತ. ಒಡಿಶಾದ ಹುಡುಗಿಯರು ಮುಖ ಮುಖ ನೋಡಿಕೊಂಡು ನಕ್ಕರು. ಅವರಲ್ಲೂ ಇದೆಯಂತೆ, ಹೇಳೋಕೆ ನಾಚಿಕೆಯಂತೆ.

ಅವರಲ್ಲಿ ಒಬ್ಬಳಿಗೆ ಬೇರೆಯಾಗಿಯೇ ಋಣಿ. ಮೊದಲೆರಡು ದಿನ ನಾವು ಗಂಡ ಹೊಡೆಯುವುದನ್ನು ಆಡಿ ತೋರಿಸಿದೆವು. ಹುಡುಗರು ಶಿಳ್ಳೆ ಹಾಕಿದರು. ಜನ ನಗುತ್ತಿದ್ದಾರೆ, ನಾಟಕ ಗೆದ್ದಿತು ಅಂತ ನಾನೂ ಖುಷಿಯಾಗಿದ್ದೆ. ಅವಳು ರಾತ್ರಿ ಹಾಸ್ಟೆಲ್ ಗೇಟ್ ಹತ್ತಿರ ನಿಲ್ಲಿಸಿ, ಬಂದಷ್ಟು ಕನ್ನಡದಲ್ಲಿ ಹೇಳಿದಳು, "ಹೊಡೆಯೋದು ಬೇಡ. ಪಕ್ಕದ ಮನೆ ತೋರಿಸಿ." ಮೂರನೇ ದಿನದಿಂದ ವೇದಿಕೆಯ ಮೇಲೆ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ಪಕ್ಕದ ಮನೆಯವರು ಮಾತ್ರ. ಹಿಂದೆ ಪಾತ್ರೆ ಬಿದ್ದ ಸದ್ದು. ಇವರು ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ. ಮತ್ತೆ ಸದ್ದು, ಇನ್ನೂ ಜಾಸ್ತಿ. ಶಿಳ್ಳೆ ನಿಂತಿತು. ಕೊನೆಗೆ ಮನೆಯ ಹುಡುಗ ಎದ್ದು ಹೋಗಿ ಬಾಗಿಲು ತಟ್ಟುತ್ತಾನೆ: "ಆಂಟಿ, ಸ್ವಲ್ಪ ಸಕ್ಕರೆ ಇದೆಯಾ?" ಈ ಉಪಾಯ ನಮ್ಮದಲ್ಲ. ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಶುರು ಮಾಡಿದ ‘ಬೆಲ್ ಬಜಾವೊ’, ಅಂದರೆ ‘ಬೆಲ್ ಒತ್ತಿ’ ಅನ್ನುವ ಪ್ರಚಾರದಿಂದ ಎತ್ತಿದ್ದು. ಅವರಿಗೂ ಒಂದು ನಮಸ್ಕಾರ.

ಹಾಗೆ ತಟ್ಟಿದರೆ ನಮ್ಮ ಮೇಲೇ ಕೇಸ್ ಆಗಲ್ವಾ ಅಂತ ಪ್ರತಿ ಬೀದಿಯಲ್ಲೂ ಕೇಳಿದರು. ಅದಕ್ಕೆ ಬೇಸರವಿಲ್ಲದೆ ಉತ್ತರ ಕೊಟ್ಟವರು ವಕೀಲರಾದ ಒಬ್ಬ ಮೇಡಂ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯ ಪ್ರಕಾರ ಅಕ್ಕಪಕ್ಕದವರೂ ರಕ್ಷಣಾಧಿಕಾರಿಗೆ, ಅಂದರೆ ಇದಕ್ಕೆ ಅಂತಲೇ ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರನ್ನು ಹೊಣೆ ಮಾಡುವಂತಿಲ್ಲ. ಇದನ್ನು ಉರ್ದು, ತಮಿಳು, ಒಡಿಯಾದಲ್ಲಿ ಹೇಳಿಕೊಟ್ಟ ನಮ್ಮವರಿಗೆ ಆ ಮೇಡಂ ಒಂದೊಂದು ಸಲ ಫೀಸ್ ಕೊಡಬೇಕು ಅನಿಸುತ್ತಿತ್ತು!

ಹನ್ನೆರಡನೇ ದಿನ ಒಬ್ಬ ಅಕ್ಕ ಬಂದು ಹೆಂಗಸರ ಸಹಾಯವಾಣಿಯ 181 ನಂಬರ್ ಬರೆದುಕೊಡಿ ಅಂದರು. ಸಹಾಯವಾಣಿ ಅಂತ ಬೇಡ, ಗ್ಯಾಸ್ ಬುಕ್ಕಿನ ಹಿಂದೆ ‘ಟೈಲರ್’ ಅಂತ ಬರೆಯಿರಿ ಅಂದರು. ನಾವು ಏನೂ ಕೇಳಲಿಲ್ಲ. ಅಕ್ಕ, ನಮ್ಮನ್ನು ನಂಬಿದ್ದಕ್ಕೆ ಥ್ಯಾಂಕ್ಸ್.

ಟೆರೇಸ್‌ನಲ್ಲಿ ತಾಲೀಮಿಗೆ ಜಾಗ ಕೊಟ್ಟ ಓನರ್ ಆಂಟಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಸ್ಟೀಲ್ ತಪ್ಪಲೆ ಹದಿನಾರು ದಿನ ಬಿದ್ದು ಬಿದ್ದು ಮೂರು ಕಡೆ ನೆಗ್ಗಿದೆ. ಹೊಸದು ಕೊಡಿಸುತ್ತೇವೆ. ಹಳೆಯದು ನಮ್ಮಲ್ಲೇ ಇರಲಿ ಆಂಟಿ, ಜನವರಿಯಲ್ಲಿ ಇನ್ನೆರಡು ಬೀದಿಯವರು ಕರೆದಿದ್ದಾರೆ.