ನಮ್ಮ ಲೈಬ್ರರಿ ಮಂದಿಗೆ

ಕಳೆದ ವಾರ ನಮ್ಮ ಗ್ರಂಥಾಲಯದ ಕೊನೆಯ ಪುಸ್ತಕಕ್ಕೂ ಬಾರ್‌ಕೋಡ್ ಅಂಟಿತು. ಬೆಳಗಾವಿಯ ನಮ್ಮ ಈ ಸಣ್ಣ ವಿಶ್ವವಿದ್ಯಾಲಯದಲ್ಲಿ ಯಾವ ಪುಸ್ತಕ ಇದೆ, ಯಾವ ಕಪಾಟಿನಲ್ಲಿದೆ, ಯಾರಾದರೂ ಒಯ್ದಿದ್ದಾರಾ ಅನ್ನುವುದನ್ನು ಇನ್ನು ಹಾಸ್ಟೆಲ್ ಕೋಣೆಯಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು. ಉದ್ಘಾಟನೆ ಆಯಿತು. ರಿಬ್ಬನ್ ಕತ್ತರಿಸಿದ್ದೂ ಆಯಿತು. ಪೇಪರಿನಲ್ಲಿ ಫೋಟೊ ಬಂತು. ಆ ಫೋಟೊದಲ್ಲಿ ನಾನಿದ್ದೇನೆ, ಕೆಲಸ ಮಾಡಿದವರು ಒಬ್ಬರೂ ಇಲ್ಲ. ಅವರೆಲ್ಲ ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಅತಿಥಿಗಳಿಗೆ ಚಹಾ ಸೋಸುತ್ತಿದ್ದರು, ಕುಂದಾ ತಟ್ಟೆಗೆ ಹಾಕುತ್ತಿದ್ದರು.

ಅದಕ್ಕೇ ಈ ಬರಹ. ಹೆಸರು ಹಾಕಬೇಡಿ ಸರ್ ಅಂತ ಹೆಚ್ಚಿನವರು ಮೊದಲೇ ಹೇಳಿಬಿಟ್ಟಿದ್ದಾರೆ. ಒಬ್ಬರ ಹೆಸರು ಬಿಟ್ಟುಹೋದರೆ ವರ್ಷಗಟ್ಟಲೆ ಮುನಿಸು, ಅದೂ ನಿಜ. ಹಾಗಾಗಿ ಹೆಸರಿಲ್ಲದೆ ಬರೆಯುತ್ತೇನೆ. ಓದಿದವರಿಗೆ ತಾವು ಯಾರು ಅಂತ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ಕಸ ಗುಡಿಸುವ ಅಕ್ಕನಿಗೆ. ಕೆಲಸ ಅರ್ಧಕ್ಕೆ ಬಂದಿದ್ದಾಗ ಜುಲೈ ಮಳೆ ಹಿಡಿಯಿತು. ಬೆಳಗಾವಿಯ ಜುಲೈ ಮಳೆ ಹೊರಗಿನವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಒಗೆದ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ. ಪುಸ್ತಕದ ಕಪಾಟುಗಳಿರುವ ಕೆಳಗಿನ ಸ್ಟ್ಯಾಕ್ ಕೋಣೆಯ ನೆಲ ಒಣಗಿಯೇ ಇತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ. ಅಕ್ಕ ಪೊರಕೆ ಹಿಡಿದುಕೊಂಡೇ ಮೇಲೆ ಬಂದರು: "ಸರ್, ಕೆಳಗಿನ ಸಾಲಿನ ಪುಸ್ತಕ ಉಬ್ಬ್ಯಾವ್ ನೋಡ್ರಿ."

ಹೋಗಿ ನೋಡಿದರೆ ನಿಜ. ಮಾಳಿಗೆಯ ಮಳೆನೀರಿನ ಪೈಪಿನಲ್ಲಿ ಎಲೆ ಕಟ್ಟಿಕೊಂಡು, ನೀರು ಗೋಡೆಯೊಳಗಿಂದಲೇ ಇಳಿದು ಕಪಾಟಿನ ಹಿಂಭಾಗಕ್ಕೆ ಬರುತ್ತಿತ್ತು. ಮುಂದಿನಿಂದ ನೋಡಿದರೆ ಏನೂ ಕಾಣದು. ಆದರೆ ಬೈಂಡ್ ಮಾಡಿಸಿದ ಹಳೆಯ ನಿಯತಕಾಲಿಕೆಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಬಿಗಿದುಕೊಂಡು, ಎಳೆದರೂ ಬರದ ಹಾಗೆ ನಿಂತಿದ್ದವು. ಅಲ್ಲಿ ದಿನಾ ಓಡಾಡುವ ನಾವು ಪುಸ್ತಕದ ಬೆನ್ನಿನ ನಂಬರ್ ನೋಡುತ್ತೇವೆ. ಸಾಲು ಒಂದಿಷ್ಟು ಸೊಟ್ಟಗಾಗಿದೆ ಅಂತ ನೋಡಿದವರು ಅವರು. ಅವತ್ತು ಶನಿವಾರ. ಅಕ್ಕ ಹೇಳದೇ ಹೋಗಿದ್ದರೆ ನಮಗೆ ಗೊತ್ತಾಗುತ್ತಿದ್ದದ್ದು ಸೋಮವಾರ. ಒದ್ದೆ ಕಾಗದಕ್ಕೆ ಎರಡು ದಿನ ಸಾಕು, ಬೂಸ್ಟು ಹಿಡಿಯಲು. ಒಮ್ಮೆ ಹಿಡಿದರೆ ಪಕ್ಕದ ಒಣ ಪುಸ್ತಕಕ್ಕೂ ಹೋಗುತ್ತದೆ.

ಆಮೇಲಿನ ಕೆಲಸ ಹುಡುಗರದು. ಗ್ರಂಥಾಲಯ ವಿಜ್ಞಾನ ಓದುವ ನಾಲ್ಕೈದು ಮಂದಿ, ಜೊತೆಗೆ ಕಲಿಯುತ್ತಾ ದುಡಿಯುವ ಯೋಜನೆಯಲ್ಲಿ ನಮ್ಮಲ್ಲಿಗೆ ಬರುವ ಬಿಎ, ಬಿಎಸ್ಸಿ ಮಕ್ಕಳು. ರಜೆ ದಿನ ಫೋನ್ ಮಾಡಿದರೆ ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆ. ಬಂದರು, ಬರುವಾಗ ಹಾಸ್ಟೆಲ್ ಕೋಣೆಗಳ ಟೇಬಲ್ ಫ್ಯಾನುಗಳನ್ನೂ ಹೊತ್ತುಕೊಂಡು ಬಂದರು. ಓದುವ ಕೋಣೆಯ ಮೇಜುಗಳ ಮೇಲೆ ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿ, ಹಾಳೆ ಬಿಚ್ಚಿ, ಸುತ್ತ ಫ್ಯಾನ್ ಹಚ್ಚಿದೆವು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ನಿಮ್ಮ ಮನೆಯ ಪುಸ್ತಕ ಒದ್ದೆಯಾದರೂ ಉಪಯೋಗಕ್ಕೆ ಬರುತ್ತದೆ. ಒದ್ದೆ ಪುಸ್ತಕವನ್ನು ಸುಡುಬಿಸಿಲಿಗೆ ಇಡಬಾರದು. ರಟ್ಟು ಸೊಟ್ಟಗಾಗುತ್ತದೆ, ಹಾಳೆ ಸುಕ್ಕಾಗುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗಬೇಕು. ಸಾದಾ ಕಾಗದ ಹೇಗೋ ಒಣಗಿಬಿಡುತ್ತದೆ. ಫಜೀತಿ ಇರುವುದು ಚಿತ್ರಗಳಿರುವ ನುಣುಪು ಹಾಳೆಗಳದು. ಒಂದಕ್ಕೊಂದು ಅಂಟಿಕೊಂಡ ಹಾಗೆಯೇ ಒಣಗಿದರೆ ಇಟ್ಟಿಗೆಯಂತಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಹಸಿ ಇರುವಾಗಲೇ ಒಂದೊಂದೇ ಹಾಳೆ ಎತ್ತಿ ನಡುವೆ ಕಾಗದ ಇಡಬೇಕು. ಹಳೆಯ ಪೇಪರ್ ಇಡಲು ಹೋದರೆ ಅದರ ಮಸಿ ಹತ್ತುತ್ತದೆ. ಶಹಾಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿನವರು ಅಚ್ಚಾಗದ ಖಾಲಿ ಕಾಗದದ ತುಂಡುಗಳನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಅವರಿಗೂ ಇಲ್ಲೇ ನಮಸ್ಕಾರ. ಮೂರನೇ ಸೆಮಿಸ್ಟರಿನ ಒಬ್ಬ ಹುಡುಗಿ ಒಂದೇ ಸಂಪುಟದ ಮುಂದೆ ಇಡೀ ಮಧ್ಯಾಹ್ನ ಕೂತಿದ್ದಳು. ಸ್ಕೇಲಿನ ಅಂಚನ್ನು ಹಾಳೆಗಳ ನಡುವೆ ತೂರಿಸಿ, ಉಸಿರು ಬಿಗಿಹಿಡಿದು ಎತ್ತುವುದು, ಕಾಗದ ಇಡುವುದು, ಮುಂದಿನ ಹಾಳೆ. ಊಟಕ್ಕೆ ಕರೆದರೆ "ಇನ್ನ ಹತ್ತ್ ಹಾಳಿ ಸರ್" ಅನ್ನುತ್ತಿದ್ದಳು. ಆ ಹತ್ತು ಹಾಳೆ ಮುಗಿಯಲೇ ಇಲ್ಲ. ಆ ಸಂಪುಟ ಈಗ ಕಪಾಟಿನಲ್ಲಿದೆ. ಹಾಳೆಗಳು ಸ್ವಲ್ಪ ಅಲೆಅಲೆಯಾಗಿವೆ, ಆದರೆ ಓದಲು ಬರುತ್ತದೆ.

ಎಲ್ಲ ಉಳಿಯಲಿಲ್ಲ. ಒಂದು ಸಾಲು ಪೂರಾ ಹೋಯಿತು. ಅದರ ಪಟ್ಟಿ ಮಾಡಿ, ರಿಜಿಸ್ಟರಿನಲ್ಲಿ ಷರಾ ಬರೆದು ಮುಂದೆ ಹೋದೆವು.

ಬಾರ್‌ಕೋಡ್ ಕೆಲಸ ಅಂದರೆ ಜನರಿಗೆ ಸ್ಟಿಕ್ಕರ್ ಅಂಟಿಸುವುದು ಅನ್ನಿಸುತ್ತದೆ. ಸ್ಟಿಕ್ಕರ್ ಅಂಟಿಸುವುದಕ್ಕೆ ಎಷ್ಟು ಹೊತ್ತು? ಅದಕ್ಕೂ ಮುಂಚೆ ಆ ಪುಸ್ತಕ ಯಾವುದು ಅಂತ ಕಂಪ್ಯೂಟರಿಗೆ ಹೇಳಬೇಕಲ್ವಾ, ಅಲ್ಲಿ ಇರುವುದು ಕಸರತ್ತು. ನಾವು ಹಾಕಿಕೊಂಡದ್ದು ಕೋಹಾ. ನ್ಯೂಜಿಲೆಂಡಿನ ಒಂದು ಗ್ರಂಥಾಲಯಕ್ಕಾಗಿ ತಯಾರಾಗಿ 2000ದಲ್ಲಿ ಕೆಲಸ ಶುರು ಮಾಡಿದ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ನಮ್ಮಂಥ ಕಡಿಮೆ ಬಜೆಟ್ಟಿನವರಿಗೆ ಅದೇ ಗತಿ, ಅದೇ ಚಂದ ಕೂಡ. ಇಂಗ್ಲಿಷ್ ಪುಸ್ತಕಗಳ ವಿವರ ಬೇರೆ ಗ್ರಂಥಾಲಯಗಳಿಂದ ಎಳೆದುಕೊಳ್ಳಬಹುದು. ಕನ್ನಡ ಪುಸ್ತಕಕ್ಕೆ ಹೆಚ್ಚಿನ ಸಲ ಆ ಅನುಕೂಲ ಇಲ್ಲ. ಕೈಯಿಂದಲೇ ಆಗಬೇಕು.

ನಮ್ಮಲ್ಲಿ ಕನ್ನಡ ಪುಸ್ತಕಗಳ ಹಳೆಯ ಪಟ್ಟಿ ಒಂದಿತ್ತು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಅದೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ಹಳೆಯ ಫಾಂಟು. ಕೋಹಾಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಸೊಟ್ಟ ಗೆರೆಗಳ ಸಂತೆ. ಪರಿವರ್ತಕಕ್ಕೆ ಹಾಕಿದೆವು, ಬಹಳಷ್ಟು ಸರಿಯಾಯಿತು. ಒತ್ತಕ್ಷರ, ಅರ್ಕಾವತ್ತು ಇದ್ದ ಕಡೆ ಮಾತ್ರ ಕೈಕೊಟ್ಟಿತು. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಶೀರ್ಷಿಕೆ ಎಷ್ಟು ಇದ್ದಾವು ಹೇಳಿ! ಕೊನೆಗೆ ಇಬ್ಬಿಬ್ಬರು ಜೋಡಿಯಾಗಿ ಕೂತರು. ಒಬ್ಬರು ಪುಸ್ತಕ ಹಿಡಿದು ಓದುವುದು, ಇನ್ನೊಬ್ಬರು ಪರದೆ ನೋಡಿ ತಿದ್ದುವುದು.

ಅಲ್ಲಿ ನಡೆದ ಒಂದು ಸಂಗತಿಯನ್ನು ನಾನು ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಒಬ್ಬನೇ ಲೇಖಕನ ಪುಸ್ತಕಗಳು ಒಂದೇ ಹೆಸರಿನ ಕೆಳಗೆ ಬರಬೇಕು, ಇಲ್ಲದಿದ್ದರೆ ಹುಡುಕುವವರಿಗೆ ಅರ್ಧ ಮಾತ್ರ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಆನಂದಕಂದ ಒಂದು ಕಡೆ, ಬೆಟಗೇರಿ ಕೃಷ್ಣಶರ್ಮ ಇನ್ನೊಂದು ಕಡೆ ಇದ್ದರು. ಗೋಕಾಕ ಕಡೆಯ ಒಬ್ಬ ಬಿಎ ಹುಡುಗ, ಮಾತೇ ಆಡದವನು, ಕೀಬೋರ್ಡ್ ಬಿಟ್ಟು ಎದ್ದು ಬಂದ. "ಸರ್, ಇವರು ಇಬ್ಬರು ಅಲ್ರೀ, ಒಬ್ಬರ. ನಮ್ ಬೆಟಗೇರಿಯವರು. ಆನಂದಕಂದ ಅಂತ ಇಟ್ಕೊಂಡಿದ್ರು." ಅವನಿಗೆ ಅದು ಪಾಠದಲ್ಲಿ ಬಂದದ್ದಲ್ಲ, ಊರ ಕಡೆಯ ಮಾತು. ಅವತ್ತಿನಿಂದ ಕಾವ್ಯನಾಮಗಳ ಜವಾಬ್ದಾರಿ ಅವನದೇ. ಒಂದು ನೋಟ್‌ಬುಕ್ ಮಾಡಿಕೊಂಡ. ಎಡಕ್ಕೆ ಕಾವ್ಯನಾಮ, ಬಲಕ್ಕೆ ನಿಜನಾಮ, ಅನುಮಾನ ಇದ್ದಲ್ಲಿ ಪೆನ್ಸಿಲ್ ಗುರುತು. ಕನ್ನಡ ವಿಭಾಗದ ಮೇಡಂ ಬಳಿ ಹೋಗಿ ಪೆನ್ಸಿಲ್ ಗುರುತು ಅಳಿಸಿಕೊಂಡು ಬರುತ್ತಿದ್ದ. ಆ ನೋಟ್‌ಬುಕ್ ಈಗ ಕೌಂಟರಿನ ಡ್ರಾಯರಿನಲ್ಲಿದೆ. ಯಾರಿಗೂ ಕೊಡುವುದಿಲ್ಲ.

ಮರಾಠಿ ಪುಸ್ತಕಗಳದು ಇನ್ನೊಂದು ಕಥೆ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಲೆಕ್ಕದಲ್ಲಿ ಕನ್ನಡ ಸಾಹಿತ್ಯ 894.814, ಮರಾಠಿ 891.46, ಹಿಂದಿ 891.43. ಮರಾಠಿಗೂ ಹಿಂದಿಗೂ ಲಿಪಿ ಒಂದೇ. ಓದಲು ಬಾರದವರು ಜೋಡಿಸಿದ್ದರಿಂದ ಎಷ್ಟೋ ಮರಾಠಿ ಕಾದಂಬರಿಗಳು ಹಿಂದಿ ಸಾಲಿನಲ್ಲಿ ಸೇರಿಕೊಂಡಿದ್ದವು. ವಡಗಾವಿಯಿಂದ ಬರುವ ಇಬ್ಬರು ಹುಡುಗಿಯರು, ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಕನ್ನಡ, ನಮ್ಮ ಮುಂದೆ ಎರಡೂ ಬೆರೆಸಿದ ಅವರದೇ ಮಾತು, ಅವನ್ನೆಲ್ಲ ಬೇರೆ ಮಾಡಿದರು. ಕನ್ನಡ ಪುಸ್ತಕದ ನಮೂದಿನಲ್ಲಿ ಅವರು ಮಾಡಿದ ತಪ್ಪುಗಳನ್ನು ಗೋಕಾಕದವನು ತಿದ್ದಿದ. ಅವನ ಹಿಂದಿ ತಪ್ಪುಗಳನ್ನು ಅವರು ತಿದ್ದಿದರು. ಊರಲ್ಲಿ ಭಾಷೆಯ ಬಗ್ಗೆ ಏನೇ ಗದ್ದಲ ಇರಲಿ, ನಮ್ಮ ಮೇಜಿನ ಮೇಲೆ ಜಗಳ ಆದದ್ದು ಸ್ಟ್ಯಾಪ್ಲರ್ ಯಾರು ಒಯ್ದರು ಅಂತ ಮಾತ್ರ.

ಈಗ ನಮ್ಮ ಕಾಕಾ. ಅಟೆಂಡರ್ ಅಂತ ಹುದ್ದೆ. ಆದರೆ ಪುಸ್ತಕ ಹುಡುಕುವುದರಲ್ಲಿ ನಮ್ಮ ಹೊಸ ಕಂಪ್ಯೂಟರ್ ಅವರ ಮುಂದೆ ಇನ್ನೂ ಕೂಸು. ಸ್ಕ್ಯಾನ್ ಮುಗಿದಾಗ ರಿಜಿಸ್ಟರಿನಲ್ಲಿ ಇದ್ದು ಕಪಾಟಿನಲ್ಲಿ ಸಿಗದ ಪುಸ್ತಕಗಳ ಉದ್ದ ಪಟ್ಟಿ ಬಂತು. ಕಾಕಾನ ಮುಖ ಸಪ್ಪಗಾಯಿತು. ಹಳೆಯ ಕಾಲದ ನೌಕರರಿಗೆ ಇರುವ ಭಯವೇ ಅದು: ಕಳೆದ ಪುಸ್ತಕದ ದುಡ್ಡು ಪಗಾರದಲ್ಲಿ ಹಿಡಿಯುತ್ತಾರೆ.

ನಮ್ಮ ಅಸಿಸ್ಟೆಂಟ್ ಮೇಡಂ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ತೆಗೆದು, 215ನೇ ನಿಯಮವನ್ನು ಕಾಕಾಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ವರ್ಷದಲ್ಲಿ ಓದುಗರ ಕೈಗೆ ಹೋದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಮೋಸವೋ ಅಸಡ್ಡೆಯೋ ಇಲ್ಲದಿದ್ದರೆ ಸಾಕು. ಸಾವಿರ ರೂಪಾಯಿಗೂ ಜಾಸ್ತಿ ಬೆಲೆಯದು, ಇಲ್ಲವೇ ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ಪುಸ್ತಕ ಇರುವ ನಮ್ಮಂಥ ಗ್ರಂಥಾಲಯ ಮೂರು ವರ್ಷಕ್ಕೊಮ್ಮೆ ಪೂರ್ತಿ ಎಣಿಸಬೇಕು ಅಂತಲೂ ಅದರಲ್ಲೇ ಇದೆ. ನಾವು ರಾಜ್ಯದವರಾದರೂ ಕೈಪಿಡಿಯಂತೆ ಹಿಡಿಯುವುದು ಇದನ್ನೇ. ಓದುಗರೇ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವಂಥ ತೆರೆದ ಗ್ರಂಥಾಲಯ ಇಟ್ಟುಕೊಳ್ಳುವವರೆಲ್ಲ ಇದನ್ನು ಓದಬೇಕು ಅಂತ ನನ್ನ ಅಭಿಪ್ರಾಯ. ಕಳೆದೀತು ಅಂತ ಕಪಾಟಿಗೆ ಬೀಗ ಹಾಕುವವರು ಇನ್ನೂ ಇದ್ದಾರೆ.

ಕಾಕಾಗೆ ಧೈರ್ಯ ಬಂತು. ಬಂದದ್ದೇ ತಡ, ಪಟ್ಟಿ ಹಿಡಿದು ಹೊರಟರು. ಅವರಿಗೆ ವಿದ್ಯಾರ್ಥಿಗಳ ಕಳ್ಳಜಾಗಗಳು ಗೊತ್ತು. ಪರೀಕ್ಷೆ ಹೊತ್ತಿಗೆ ಬೇರೆಯವರಿಗೆ ಸಿಗಬಾರದು ಅಂತ ಅರ್ಥಶಾಸ್ತ್ರದ ಪುಸ್ತಕವನ್ನು ಸಸ್ಯಶಾಸ್ತ್ರದ ಹಿಂದೆ ಇಡುತ್ತಾರೆ, ಆಮೇಲೆ ಮರೆಯುತ್ತಾರೆ. ನಿಘಂಟುಗಳ ಹಿಂದೆ, ಕಪಾಟಿನ ನೆತ್ತಿಯ ಮೇಲೆ, ಕಿಟಕಿ ಕಟ್ಟೆಯ ಪರದೆಯ ಮರೆಯಲ್ಲಿ ಕಾಕಾ ಕೈ ಹಾಕಿದ ಕಡೆಯೆಲ್ಲ ಪುಸ್ತಕ ಬಂದವು. ಉದ್ದ ಪಟ್ಟಿ ಒಂದು ಹಾಳೆಗೆ ಇಳಿಯಿತು. ಕಾಕಾರ, ನಿಮಗೆ ಶರಣು.

ಸಂಜೆ ಪಾಳಿಯವರನ್ನೂ ನೆನೆಯಬೇಕು. ಇಷ್ಟೆಲ್ಲ ನಡೆಯುವಾಗ ಒಂದು ದಿನವೂ ಓದುವ ಕೋಣೆ ಮುಚ್ಚಲಿಲ್ಲ. ಪುಸ್ತಕ ಒಣಗಿಸುವಾಗ ಸಹ ಅರ್ಧ ಮೇಜು ಓದುಗರಿಗೆ ಬಿಟ್ಟಿದ್ದೆವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಫ್ಯಾನ್ ಸದ್ದಿಗೆ ಬೈದುಕೊಂಡೇ ಓದಿದರು. ಅವರ ತಾಳ್ಮೆಗೂ ಥ್ಯಾಂಕ್ಸ್. ಸಂಜೆ ಕೌಂಟರ್ ನೋಡಿಕೊಂಡ ಹುಡುಗರು ಬೀಗ ಹಾಕಿ ಕೀಲಿಯನ್ನು ಗೇಟಿನಲ್ಲಿ ಕೊಟ್ಟು ಸಿಬಿಟಿಗೆ, ಅಂದರೆ ಊರಿನ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸಿಗೆ ಓಡುತ್ತಿದ್ದರು. ಕಿತ್ತೂರಿನ ಹುಡುಗನಿಗೆ ಬಸ್ಸು ತಪ್ಪಿದಾಗೆಲ್ಲ ನಮ್ಮ ವಾಚ್‌ಮನ್ ಮಾಮಾ ತಮ್ಮ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಪಾಲು ಕೊಟ್ಟಿದ್ದಾರೆ. ಇದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

ಇನ್ನು ದುಡ್ಡಿನ ಮಾತು. ಚಪ್ಪಾಳೆ ತಟ್ಟುವಾಗ ಇದನ್ನು ಯಾರೂ ಎತ್ತುವುದಿಲ್ಲ, ಸುಮ್ನೆ ನಾನಾದರೂ ಎತ್ತುತ್ತೇನೆ. ಈ ಮಕ್ಕಳಿಗೆ ಗಂಟೆ ಲೆಕ್ಕದಲ್ಲಿ ಸಿಗುವುದು ಸಣ್ಣ ಮೊತ್ತ. ಅದೂ ಫೈಲ್ ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಬಸ್ ಪಾಸಿಗೆ, ಮೆಸ್ ಬಿಲ್ಲಿಗೆ ಅದನ್ನೇ ನಂಬಿದವರಿದ್ದಾರೆ. ಲೆಕ್ಕಪತ್ರ ವಿಭಾಗದ ಒಬ್ಬ ಕ್ಲರ್ಕ್ ಅಕ್ಕ ಆ ಫೈಲನ್ನು ತಮ್ಮ ಮನೆಯ ಕೆಲಸದಂತೆ ಬೆನ್ನುಹತ್ತಿ, ಆಕ್ಷೇಪಣೆಗೆಲ್ಲ ತಾವೇ ಉತ್ತರ ಬರೆಸಿ, ದೀಪಾವಳಿಗೆ ಮುಂಚೆ ಎಲ್ಲರ ಖಾತೆಗೆ ಹಣ ಬರುವಂತೆ ಮಾಡಿದರು. ಅವರಿಗೆ ಗ್ರಂಥಾಲಯದ ಕೆಲಸವೇ ಅಲ್ಲ ಅದು. ಮುಂದಿನ ವರ್ಷದಿಂದ ಪ್ರತಿ ತಿಂಗಳೂ ಕೊಡಬೇಕು ಅಂತ ಪತ್ರ ಬರೆದಿದ್ದೇನೆ. ಶಾಲು, ಹಾರಕ್ಕಿಂತ ಅದು ಮುಖ್ಯ.

ಹೊರಗುತ್ತಿಗೆಯಲ್ಲಿರುವ ಇಬ್ಬರ ಒಪ್ಪಂದ ಮಾರ್ಚಿಗೆ ಮುಗಿಯುತ್ತದೆ. ಅವರ ನವೀಕರಣಕ್ಕೂ ಬರೆದಾಗಿದೆ. ಆಗುತ್ತದೋ ಇಲ್ಲವೋ ನನ್ನ ಕೈಯಲ್ಲಿಲ್ಲ. ಆದರೆ ಹೊಸ ವ್ಯವಸ್ಥೆಯನ್ನು ನಡೆಸಲು ಬರುವುದು ಅವರಿಗೇ ಅಂತ ಆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ.

ಓದು ಮುಗಿಸಿ ಊರಿಗೆ ಹೋದ ಹುಡುಗ ಹುಡುಗಿಯರಿಗೆ ಒಂದು ಮಾತು: ನಿಮ್ಮ ಅನುಭವ ಪ್ರಮಾಣಪತ್ರಗಳು ಸಹಿಯಾಗಿ ಕೌಂಟರಿಗೆ ಬಂದಿವೆ. ಮಾಡಿದ ಕೆಲಸವನ್ನು ಒಂದೊಂದಾಗಿ ಬರೆದಿದ್ದೇವೆ, ಸಂದರ್ಶನದಲ್ಲಿ ತೋರಿಸಲು ಉಪಯೋಗಕ್ಕೆ ಬರುತ್ತದೆ. ಯಾವಾಗ ಬೇಕಾದರೂ ಬಂದು ಒಯ್ಯಿರಿ. ಭಾನುವಾರ ಮಾತ್ರ ಬೇಡ, ಕಾಕಾ ಇರುವುದಿಲ್ಲ. ಹಾಂ, ಹೊಸ ಕಂಪ್ಯೂಟರ್ ಪ್ರಕಾರ ಬಾರ್‌ಕೋಡ್ ಅಂಟಿಸಿದ ತಂಡದಲ್ಲೇ ಇಬ್ಬರ ಹತ್ತಿರ ವಾಯಿದೆ ಮುಗಿದ ಪುಸ್ತಕಗಳಿವೆ. ಬರುವಾಗ ಅವನ್ನೂ ತನ್ನಿ. ದಂಡ ನಾನು ಕಟ್ಟುತ್ತೇನೆ.