‘ನೇರ ಫಿಟ್’ ಮ್ಯಾನಿಫೋಲ್ಡ್: ನನ್ನ ನಾಲ್ಕನೇ ದೂರು

ಗೆ,
ಗ್ರಾಹಕ ದೂರು ಅಧಿಕಾರಿಗಳು,
ಹಳೆ ಕಾರುಗಳ ಬಿಡಿಭಾಗ ಮಾರುವ ನಿಮ್ಮ ಆನ್‌ಲೈನ್ ಮಳಿಗೆ.

ವಿಷಯ: 1978ರ ಅಂಬಾಸಿಡರ್ ಮಾರ್ಕ್ 3 ಕಾರಿಗೆ ನೀವು ಕಳಿಸಿದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆಯನ್ನು ಸೇರಿಸಿ ಹೊರಗಿನ ಪೈಪಿಗೆ ಒಯ್ಯುವ ಭಾಗ) ಕೂರದೇ ಇರುವುದು, ಅದನ್ನು ವಾಪಸ್ ಪಡೆದು ಹಣ ಹಿಂತಿರುಗಿಸುವ ಬಗ್ಗೆ.

ಮಾನ್ಯರೇ,

ಇದು ನನ್ನ ನಾಲ್ಕನೇ ದೂರು. ಮೊದಲ ಮೂರಕ್ಕೂ ನಿಮ್ಮಿಂದ ಒಂದೇ ಸಾಲಿನ ಉತ್ತರ ಬಂತು: ‘ಫಿಟ್ ಮಾಡಿದ ಭಾಗವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಅದರ ಹಿಂದೆಯೇ ಟಿಕೆಟ್ ಕ್ಲೋಸ್ ಆಯಿತು ಅಂತ ಮೆಸೇಜು. ಆ ಮೂರನ್ನೂ ಚಿಕ್ಕದಾಗಿ ಬರೆದಿದ್ದೆ. ಈ ಸಲ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಸ್ಪ್ಯಾನರ್ ಹಿಡಿದು ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಅವರಿಗೆ ಓದಲು ಕೊಡಿ.

ಕಾರು ನಮ್ಮ ಅಪ್ಪನದು. ಬುಕ್ ಮಾಡಿ, ಕಾದು ತೆಗೆದುಕೊಂಡ ಕಾಲದ್ದು. 1489 ಸಿಸಿ ಪೆಟ್ರೋಲ್ ಇಂಜಿನ್. ಈಗ ತಿಂಗಳಿಗೆ ನಾಲ್ಕೈದು ಸಲ ಹೊರಗೆ ತೆಗೆಯುತ್ತೇನೆ, ಅಷ್ಟೇ. ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಲು, ಒಮ್ಮೊಮ್ಮೆ ಹಾಸನದಿಂದ ಸಕಲೇಶಪುರದವರೆಗೆ ಸುಮ್ನೆ ಒಂದು ಸುತ್ತು. ಶೋಗೆ ಇಡುವ ಕಾರಲ್ಲ, ನಾನು ಶ್ರೀಮಂತನೂ ಅಲ್ಲ. ಮ್ಯಾನಿಫೋಲ್ಡ್ ಕೆಲಸ ಹತ್ತು ಸಾವಿರದೊಳಗೆ ಮುಗಿಯಬೇಕು ಅಂತ ಲೆಕ್ಕ ಹಾಕಿಕೊಂಡೇ ಹೊರಟಿದ್ದೆ.

ತೊಂದರೆ ಶುರುವಾದದ್ದು ಹೀಗೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಪ್ ಟಪ್ ಅಂತ ಸದ್ದು. ಹತ್ತು ನಿಮಿಷ ಓಡಿಸಿದ ಮೇಲೆ ಸದ್ದು ಕಮ್ಮಿ. ನಾನು ವಾಲ್ವ್ ತೆರೆಯುವ ಟ್ಯಾಪೆಟ್ ಸದ್ದಿರಬೇಕು ಅಂದುಕೊಂಡೆ. ಗ್ಯಾರೇಜಿನ ಮೇಸ್ತ್ರಿ ಬಗ್ಗಿ ನೋಡಿದವರೇ ಮ್ಯಾನಿಫೋಲ್ಡ್ ನಡುವಿನ ಕಪ್ಪು ಮಸಿಯ ಗೆರೆಯನ್ನು ಬೆರಳಿಂದ ತೋರಿಸಿದರು. ಅದರ ಬೀಡು, ಅಂದರೆ ಎರಕದ ಕಬ್ಬಿಣ, ಸೀಳು ಬಿಟ್ಟಿತ್ತು. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ಕಮ್ಮಿ. ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ಕಾದು, ಆರಿ, ಕಾದು, ಆರಿ ಬಂದ ಬೀಡು. ಅದರ ಮೇಲೆ ನನಗೆ ಸಿಟ್ಟಿಲ್ಲ.

ಹೊಸದು ಎಲ್ಲಿ ಸಿಗುತ್ತದೆ? ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ಅಂಗಡಿಯವರು ಹಳೆ ಸ್ಟಾಕಿನ ಒಂದು ಪೀಸಿಗೆ 14,000 ಹೇಳಿದರು. ಶಿವಾಜಿನಗರದ ಗುಜರಿಯಲ್ಲಿ 2,500ಕ್ಕೆ ಒಂದಿತ್ತು, ಆದರೆ ಅದರ ಒಂದು ಕಿವಿ ಮುರಿದಿತ್ತು. ಸ್ಟೀಲ್ ಪೈಪ್ ಬಗ್ಗಿಸಿ ಹೊಸದಾಗಿ ಮಾಡಿಕೊಡುವವರು 22,000 ಕೇಳಿದರು. ಆಗ ಕಂಡದ್ದು ನಿಮ್ಮ ಜಾಹೀರಾತು: ‘ಅಂಬಾಸಿಡರ್ 1489 ಸಿಸಿ ಪೆಟ್ರೋಲ್‌ಗೆ ನೇರ ಫಿಟ್. ಯಾವ ಬದಲಾವಣೆಯೂ ಬೇಡ.’ ಬೆಲೆ 7,450. ಭಾರದ ವಸ್ತು ಅಂತ ಸಾಗಾಣಿಕೆಗೆ 620. ಅವತ್ತೇ ದುಡ್ಡು ಕಟ್ಟಿದೆ.

ಬಾಕ್ಸ್ ಬಂದ ದಿನವೇ ನಾನು ಅಳತೆ ಹಿಡಿದು ನೋಡಬೇಕಿತ್ತು. ನೋಡಲಿಲ್ಲ. ಮನೆಯಲ್ಲಿ ಮದುವೆ ಓಡಾಟ. ಬಣ್ಣ ಹೊಡೆದು ಫಳಫಳ ಅನ್ನುತ್ತಿತ್ತು, ಖುಷಿಯಾಗಿ ಹಾಗೇ ಮುಚ್ಚಿಟ್ಟೆ. ಒಂಬತ್ತನೇ ದಿನ ಗ್ಯಾರೇಜಿಗೆ ಒಯ್ದೆ. ಇಷ್ಟು ನನ್ನ ತಪ್ಪು, ಒಪ್ಪುತ್ತೇನೆ.

ಈಗ ನಿಮ್ಮ ತಪ್ಪಿಗೆ ಬರೋಣ. ಈ ಇಂಜಿನ್ ಬಲ್ಲವರಿಗೆ ಇದು ಹೊಸದೇನಲ್ಲ, ಆದರೂ ನಿಮ್ಮ ಕಸ್ಟಮರ್ ಕೇರ್‌ನವರಿಗಾಗಿ ಬಿಡಿಸಿ ಹೇಳುತ್ತೇನೆ. ಈ ಇಂಜಿನ್ನಿನಲ್ಲಿ ಇನ್‌ಲೆಟ್ (ಗಾಳಿ, ಪೆಟ್ರೋಲ್ ಒಳಗೆ ಹೋಗುವ ದಾರಿ), ಎಕ್ಸಾಸ್ಟ್ (ಹೊಗೆ ಹೊರಗೆ ಬರುವ ದಾರಿ) ಎರಡೂ ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಒಂದೇ ಪಕ್ಕಕ್ಕಿವೆ. ಎಕ್ಸಾಸ್ಟಿಗೆ ಮೂರು ಬಾಯಿ. ಅದರಲ್ಲಿ ನಡುವಿನ ಬಾಯಿ ಎರಡನೇ ಮತ್ತು ಮೂರನೇ ಸಿಲಿಂಡರಿಗೆ ಸೇರಿದ್ದು. ಈ ಮೂರರ ನಡುನಡುವೆ ಇನ್‌ಲೆಟ್‌ನ ಎರಡು ಬಾಯಿ. ಎರಡಕ್ಕೂ ಸೇರಿ ಒಂದೇ ಗ್ಯಾಸ್ಕೆಟ್, ಅಂದರೆ ಸೋರದಂತೆ ನಡುವೆ ಹಾಕುವ ಹಾಳೆ. ಅಕ್ಕಪಕ್ಕದ ಎರಡು ಫ್ಲಾಂಜ್‌ಗಳನ್ನು (ಹೆಡ್ಡಿಗೆ ಒತ್ತಿ ಕೂರುವ ಚಪ್ಪಟೆ ಅಂಚುಗಳನ್ನು) ಹೆಡ್ಡಿನಿಂದ ಚಾಚಿದ ಒಂದೇ ಸ್ಟಡ್, ಒಂದೇ ದಪ್ಪ ವಾಷರ್ ಒತ್ತಿ ಹಿಡಿಯುತ್ತವೆ. ವಾಷರಿನ ಅರ್ಧ ಭಾಗ ಇನ್‌ಲೆಟ್ ಮೇಲೆ, ಇನ್ನರ್ಧ ಎಕ್ಸಾಸ್ಟ್ ಮೇಲೆ.

ಹಾಗಾಗಿ ಎರಡು ಫ್ಲಾಂಜ್‌ಗಳ ದಪ್ಪ ಒಂದೇ ಇರಬೇಕು. ಒಂದು ತೆಳುವಾದರೆ ವಾಷರ್ ದಪ್ಪಗಿರುವ ಕಡೆ ಮಾತ್ರ ಕೂರುತ್ತದೆ, ಇನ್ನೊಂದು ಕಡೆ ಗಾಳಿಯಲ್ಲಿ ನಿಲ್ಲುತ್ತದೆ. ನಟ್ ಎಷ್ಟು ಬಿಗಿ ಮಾಡಿದರೂ ಅಷ್ಟೇ. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದೆವು. ನಿಮ್ಮ ಮ್ಯಾನಿಫೋಲ್ಡಿನ ಫ್ಲಾಂಜ್ ನನ್ನ ಹಳೆಯದಕ್ಕಿಂತ ಒಂದು ತುದಿಯಲ್ಲಿ 2 ಮಿ.ಮೀ. ತೆಳು, ಇನ್ನೊಂದು ತುದಿಯಲ್ಲಿ 2.6 ಮಿ.ಮೀ. ತೆಳು. ಒಂದೇ ತುಂಡಿನಲ್ಲಿ ಎರಡು ಅಳತೆ!

ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸುತ್ತಿದ್ದೆವು. ಮೇಸ್ತ್ರಿ ಲೇತ್ ಅಂಗಡಿಯಲ್ಲಿ ಮೆಟ್ಟಿಲಿರುವ ವಾಷರ್ ಮಾಡಿಸಿದರು, ಒಂದರ್ಧ ದಪ್ಪ, ಒಂದರ್ಧ ತೆಳು. ಹಾಕಿ ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜೋರು ಸದ್ದು. ಎರಡೇ ನಿಮಿಷದಲ್ಲಿ ನಡುವಿನ ಬಾಯಿಯ ಸುತ್ತ ಮಸಿ. ಬಿಚ್ಚಿದಾಗ ಗ್ಯಾಸ್ಕೆಟ್ ಅಲ್ಲಿ ಸುಟ್ಟು ಹೋಗಿತ್ತು. ಮೇಸ್ತ್ರಿ ಎದುರಿನ ಗ್ಲಾಸ್ ಅಂಗಡಿಯಿಂದ ದಪ್ಪ ಗಾಜಿನ ತುಂಡು ತರಿಸಿ, ನಿಮ್ಮ ಮ್ಯಾನಿಫೋಲ್ಡನ್ನು ಅದರ ಮೇಲೆ ಮಲಗಿಸಿದರು. ಒಂದು ತುದಿಯನ್ನು ಬೆರಳಲ್ಲಿ ಒತ್ತಿದರು. ಟಕ್. ಇನ್ನೊಂದು ತುದಿ ಒತ್ತಿದರು. ಟಕ್. ‘ಸಾರ್, ಇದು ಮ್ಯಾನಿಫೋಲ್ಡ್ ಅಲ್ಲ, ತೊಟ್ಟಿಲು. ನೋಡಿ, ತೂಗ್ತಾ ಇದೆ’ ಅಂದರು. ಗ್ಯಾರೇಜಿನ ಹುಡುಗರೆಲ್ಲ ನಕ್ಕರು. ದುಡ್ಡು ಕೊಟ್ಟವನು ನಾನು, ನನಗೆ ಮಾತ್ರ ನಗು ಬರಲಿಲ್ಲ. ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದಾಗ ಒಂದು ಕಡೆ 0.6 ಮಿ.ಮೀ. ಸಂದು. ಇದರ ವಿಡಿಯೋ ಎರಡನೇ ದೂರಿನ ಜೊತೆಗೇ ಕಳಿಸಿದ್ದೇನೆ. ಅದನ್ನು ಯಾರೂ ತೆರೆದು ನೋಡಿದ ಹಾಗೆ ಕಾಣಲಿಲ್ಲ.

‘ಲೋಕಲ್‌ನಲ್ಲಿ ಫೇಸಿಂಗ್ ಮಾಡಿಸಿಕೊಳ್ಳಿ’ ಅಂತ ನಿಮ್ಮವರೊಬ್ಬರು ಫೋನಿನಲ್ಲಿ ಹೇಳಿದರು. ಫೇಸಿಂಗ್ ಅಂದರೆ ಹೆರೆಯುವುದು. ಮೊದಲೇ ತೆಳುವಾಗಿರುವ ಫ್ಲಾಂಜನ್ನು ಇನ್ನೂ ಹೆರೆದರೆ ಏನು ಉಳಿಯುತ್ತದೆ? ಇನ್ನೊಬ್ಬರು ‘ಎರಡು ಗ್ಯಾಸ್ಕೆಟ್ ಹಾಕಿ ಸಾರ್, ನಿಲ್ಲುತ್ತೆ’ ಅಂದರು. ಗ್ಯಾಸ್ಕೆಟ್ ಒಂದೇ ಹಾಳೆ, ಇನ್‌ಲೆಟ್ ಅಡಿಗೂ ಅದೇ ಹೋಗುತ್ತದೆ. ಎರಡು ಹಾಕಿದರೆ ಎರಡೂ ಒಟ್ಟಿಗೆ ಮೇಲೇಳುತ್ತವೆ, ದಪ್ಪದ ವ್ಯತ್ಯಾಸ ಇದ್ದಲ್ಲೇ ಇರುತ್ತದೆ. ಅವರು ಹೇಳಿದರಲ್ಲ ಅಂತ ಅದನ್ನೂ ಮಾಡಿ ನೋಡಿದೆವು. ಆಗ ಇನ್‌ಲೆಟ್ ಕಡೆಯೂ ಗಾಳಿ ಎಳೆಯತೊಡಗಿತು. ಐಡ್ಲಿಂಗ್ ನಿಲ್ಲಲೇ ಇಲ್ಲ. ಅಲ್ಲಿಗೆ ಮೂರು ಗ್ಯಾಸ್ಕೆಟ್ ಹಾಳು.

ಇದು ಬರೀ ಸದ್ದಿನ ವಿಷಯ ಅಂತ ತಿಳಿಯಬೇಡಿ. ಮ್ಯಾನಿಫೋಲ್ಡಿನಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಳೆ ಕಾರಿನ ಫೈರ್‌ವಾಲ್‌ನಲ್ಲಿ, ಅಂದರೆ ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆಯಲ್ಲಿ, ವೈರ್ ಹೋದ ತೂತು, ಕೇಬಲ್ ಹೋದ ತೂತು ಎಷ್ಟಿರುತ್ತವೆ ಅಂತ ನಿಮಗೆ ಗೊತ್ತಿರಬೇಕು, ಹಳೆ ಕಾರಿನ ವ್ಯಾಪಾರವೇ ನಿಮ್ಮದಲ್ವಾ? ಮುಂದಿನ ಸೀಟಿನಲ್ಲಿ ಕೂರುವವರು ಎಪ್ಪತ್ತೆಂಟು ವರ್ಷದ ನನ್ನ ಅಮ್ಮ.

ಈಗ ನಿಮ್ಮ ‘ಫಿಟ್ ಮಾಡಿದ ಭಾಗ ವಾಪಸ್ ಇಲ್ಲ’ ಅನ್ನುವ ನಿಯಮ. ಅಂಗಡಿಯಲ್ಲಿ ಚಪ್ಪಲಿ ಕೊಳ್ಳುವಾಗಲೂ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಮ್ಯಾನಿಫೋಲ್ಡ್ ಸೋರುತ್ತದೋ ಇಲ್ಲವೋ ಅಂತ ಇಂಜಿನ್ನಿಗೆ ಕೂರಿಸಿ, ಬಿಸಿ ಮಾಡಿ ನೋಡದೆ ತಿಳಿಯುವ ದಾರಿ ಯಾವುದು? ಕೂರಿಸದೆ ದೂರು ಕೊಟ್ಟರೆ ‘ಫಿಟ್ ಮಾಡಿ ನೋಡಿದ್ರಾ?’ ಅನ್ನುತ್ತೀರಿ. ನನ್ನ ಮೊದಲ ಫೋನಿನಲ್ಲಿ ನಿಮ್ಮವರು ಕೇಳಿದ ಮೊದಲ ಪ್ರಶ್ನೆಯೇ ಅದು. ಕೂರಿಸಿದೆ ಅಂದ ಕೂಡಲೇ ‘ಹಾಗಾದರೆ ವಾಪಸ್ ಇಲ್ಲ’. ಈ ನಿಯಮದಲ್ಲಿ ಗ್ರಾಹಕ ಗೆಲ್ಲುವ ಒಂದು ದಾರಿಯನ್ನಾದರೂ ತೋರಿಸಿ. ಮೇಲಾಗಿ ಇದು ನನ್ನ ಕೈಯಲ್ಲಿ ಕೆಟ್ಟದ್ದಲ್ಲ. ಫ್ಲಾಂಜಿನ ದಪ್ಪ ಎರಕ ಹೊಯ್ದು ಹೆರೆದಾಗಲೇ ನಿರ್ಧಾರವಾಗಿರುತ್ತದೆ. ನಾನು ಬಿಗಿ ಮಾಡಿದ್ದರಿಂದ ಬೀಡು ಎರಡು ಮಿ.ಮೀ. ಸವೆಯಲಿಲ್ಲ.

2020ರ ಇ-ಕಾಮರ್ಸ್ ನಿಯಮಗಳನ್ನು ನಾನೂ ಓದಿದ್ದೇನೆ. ದೋಷವಿರುವ, ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ ಅಂತ ಮಾರಾಟಗಾರ ಹೇಳುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ಮೊದಲ ದೂರಿಗೆ ಇವತ್ತಿಗೆ 41 ದಿನ.

ಕೊನೆಗೆ ಕಾರು ಏನಾಯಿತು ಅಂತ ಕೇಳಿ. ಸೀಳು ಬಿಟ್ಟ ಹಳೆ ಮ್ಯಾನಿಫೋಲ್ಡನ್ನೇ ಬೀಡು ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ದೆವು. ಅವರು ಸೀಳಿನ ಎರಡು ತುದಿಗೂ ಸಣ್ಣ ತೂತು ಕೊರೆದು, ಅದು ಮುಂದೆ ಓಡದಂತೆ ಮಾಡಿದರು. ಇಡೀ ತುಂಡನ್ನು ಬಿಸಿ ಮಾಡಿ, ನಿಕಲ್ ರಾಡಿನಲ್ಲಿ ಒಂದೊಂದು ಇಂಚು ವೆಲ್ಡ್ ಮಾಡಿ, ಪ್ರತಿ ಸಲ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಆಮೇಲೆ ಬೂದಿಯೊಳಗೆ ಹೂತು ರಾತ್ರಿಯಿಡೀ ಬಿಟ್ಟರು. ಬೀಡು ಬೇಗ ಆರಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದಂತೆ. ಬೆಳಿಗ್ಗೆ ಬೂದಿ ಕೆದಕಿ ತೆಗೆದಾಗ ಇನ್ನೂ ಕೈಗೆ ಬೆಚ್ಚಗಿತ್ತು. ಇನ್‌ಲೆಟ್, ಎಕ್ಸಾಸ್ಟ್ ಎರಡನ್ನೂ ಜೋಡಿಸಿಕೊಂಡೇ ಒಟ್ಟಿಗೆ ಫೇಸಿಂಗ್ ಮಾಡಿಸಿದೆವು. ವೆಲ್ಡಿಂಗಿಗೆ 1,800, ಫೇಸಿಂಗಿಗೆ 600. ಹಿತ್ತಾಳೆ ನಟ್ ಹಾಕಿ ಕೂರಿಸಿದೆವು. ಮೊದಲ ಸಲ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿದೆವು. ಈಗ ಸದ್ದಿಲ್ಲ. ಎಷ್ಟು ದಿನ ಬಾಳುತ್ತದೋ, ವೆಲ್ಡ್ ಮಾಡಿದವರೂ ಗ್ಯಾರಂಟಿ ಕೊಡಲಿಲ್ಲ. ಆದರೆ ಅವರು ಅದನ್ನು ಮೊದಲೇ ಹೇಳಿ ದುಡ್ಡು ತೆಗೆದುಕೊಂಡರು.

ಈ 2,400 ರೂಪಾಯಿಯನ್ನು ನಾನು ನಿಮ್ಮಿಂದ ಕೇಳುತ್ತಿಲ್ಲ, ಅದು ನನ್ನ ಕಾರಿನ ಖರ್ಚು. ಬಿಚ್ಚುವಾಗ ಮುರಿದ ಹಳೆ ಸ್ಟಡ್‌ನದೂ ಕೇಳುತ್ತಿಲ್ಲ. ಮೆಟ್ಟಿಲು ವಾಷರ್ ನಮ್ಮದೇ ಸಾಹಸ, ಅದೂ ಬೇಡ. ಮೂರು ಗ್ಯಾಸ್ಕೆಟ್ ಹಾಳಾದರೂ ಎರಡರದ್ದು ಮಾತ್ರ ಕೇಳುತ್ತೇನೆ, ನಿಮ್ಮವರ ಮಾತು ಕೇಳಿ ಹೋದವು ಅವು. ಮ್ಯಾನಿಫೋಲ್ಡಿನ 7,450, ಸಾಗಾಣಿಕೆಯ 620, ಎರಡು ಗ್ಯಾಸ್ಕೆಟ್‌ನ 760, ಮೇಸ್ತ್ರಿಯ ಒಂದು ದಿನದ ಕೂಲಿ 1,200. ಒಟ್ಟು 10,030 ರೂಪಾಯಿ. ನಾನು ದುಡ್ಡು ಕಟ್ಟಿದ ಖಾತೆಗೇ ವಾಪಸ್ ಹಾಕಿ. ನಿಮ್ಮ ಕೂಪನ್, ಕ್ರೆಡಿಟ್ ಪಾಯಿಂಟ್ ನನಗೆ ಬೇಡ, ನಿಮ್ಮಲ್ಲಿ ಇನ್ನೇನು ಕೊಳ್ಳಲಿ?

ಇನ್ನೊಂದು ವಿಷಯ, ಇದಕ್ಕೆ ದುಡ್ಡು ಬೇಕಿಲ್ಲ. ಆ ಜಾಹೀರಾತಿನಿಂದ ‘ನೇರ ಫಿಟ್’ ಅನ್ನುವುದನ್ನು ತೆಗೆದು, ಫ್ಲಾಂಜಿನ ದಪ್ಪ ಎಷ್ಟು ಅಂತ ಬರೆಯಿರಿ. ನಿಮ್ಮ ಗೋಡೌನಿನಲ್ಲಿ ಇನ್ನೂ ಆರು ಪೀಸ್ ಇದೆ ಅಂತ ಇವತ್ತೂ ತೋರಿಸುತ್ತಿದೆ. ಒಂದನ್ನಾದರೂ ಗಾಜಿನ ಮೇಲಿಟ್ಟು ಒತ್ತಿ ನೋಡಿ.

ಈ ಪತ್ರ ತಲುಪಿದ 15 ದಿನದೊಳಗೆ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಹಾಸನದಲ್ಲೇ ಕೇಸು ಹಾಕಬಹುದು, ನಿಮ್ಮ ಊರಿಗೆ ಬರಬೇಕಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಅಲ್ಲಿಗೆ ಗಾಜಿನ ತುಂಡನ್ನೂ ತರಲು ಮೇಸ್ತ್ರಿ ಒಪ್ಪಿದ್ದಾರೆ.

ಬಿಲ್ಲು, ನಿಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್, ವರ್ನಿಯರ್ ಅಳತೆಯ ಫೋಟೋಗಳು, ಗಾಜಿನ ಮೇಲಿನ ವಿಡಿಯೋ ಇದರ ಜೊತೆಗಿವೆ. ಮ್ಯಾನಿಫೋಲ್ಡನ್ನು ಒರೆಸಿ, ನೀವು ಕಳಿಸಿದ ಬಾಕ್ಸಿನಲ್ಲೇ ಕಟ್ಟಿಟ್ಟಿದ್ದೇನೆ. ಕೊರಿಯರ್ ಹುಡುಗನಿಗೆ ಬರುವ ಮುಂಚೆ ಫೋನ್ ಮಾಡಲು ಹೇಳಿ. ಬಾಕ್ಸ್ ಭಾರ ಇದೆ, ಮನೆ ಎರಡನೇ ಮಹಡಿ. ಇಳಿಸಲು ನಾನೂ ಕೈ ಹಾಕುತ್ತೇನೆ.

ಇತಿ ನಿಮ್ಮ ಗ್ರಾಹಕ,
ಹಾಸನ