ಫೈರ್‌ಫಾಕ್ಸಿನೊಳಗೆ ರಸ್ಟ್ ಬರೆಯಹೊರಟ ಸೋದರಳಿಯನಿಗೆ

ನೀರ್ಚಾಲು, ಕಾಸರಗೋಡು

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ರಸ್ಟ್ ಪ್ರೋಗ್ರಾಮಿಂಗ್ ಭಾಷೆ ಕಲಿತಾಯಿತು, ಫೈರ್‌ಫಾಕ್ಸಿನ ಸೋರ್ಸ್ ಕೋಡ್ ಇಳಿಸಿಯೂ ಆಯಿತು, ಇನ್ನು ಎಲ್ಲಿಂದ ಹಿಡಿಯುವುದೆಂದೇ ತಿಳಿಯುತ್ತಿಲ್ಲ ಎಂದು ಬರೆದಿದ್ದೀಯ. ಅಷ್ಟು ದೊಡ್ಡ ಕೋಡನ್ನು ಪೂರ್ತಿ ತಿಳಿದವರು ಒಬ್ಬರೂ ಇರಲಾರರು ಮಾರಾಯ. ಒಂದು ಮೂಲೆ ಹಿಡಿ, ಅಲ್ಲೇ ಕೂರು.

ರಸ್ಟ್ ಆ ಮನೆ ಹೊಕ್ಕದ್ದೂ ಹಾಗೆಯೇ. 2016ರಲ್ಲಿ ಫೈರ್‌ಫಾಕ್ಸ್ 48ರ ಜೊತೆ ಬಂದ ಮೊದಲ ರಸ್ಟ್ ಕೋಡ್, ಎಂಪಿ4 ವೀಡಿಯೊದ ಮೆಟಾಡೇಟಾ ಓದುವ ಪುಟ್ಟ ಪಾರ್ಸರ್. ಎಲ್ಲಿಂದಲೋ ಬಂದ, ನಂಬಿಕೆಯಿಲ್ಲದ ಫೈಲನ್ನು ಬಿಡಿಸಿ ಓದುವ ಜಾಗ ಅದು. ಆ ಬ್ರೌಸರಿನ ಹಳೆಯ ಕೋಡಿನ ಭಾಷೆಯಾದ ಸಿ++ನಲ್ಲಿ ಮೆಮೊರಿ ಎಡವಟ್ಟುಗಳು ಭದ್ರತೆಗೆ ಕುತ್ತಾಗುವುದು ಇಂಥಲ್ಲೇ. ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್ ಎಂಜಿನ್ ರಸ್ಟಿಗೆ ಬದಲಾದದ್ದು ಮರುವರ್ಷ, 57ರಲ್ಲಿ.

ಮೊದಲು ಬಿಲ್ಡ್, ಅಂದರೆ ಸೋರ್ಸಿನಿಂದ ಓಡುವ ಬ್ರೌಸರ್ ಕಟ್ಟುವುದು. ಅದಕ್ಕಿರುವ ಸಾಧನ ‘ಮ್ಯಾಕ್’ (mach). ‘ಮ್ಯಾಕ್ ಬೂಟ್‌ಸ್ಟ್ರ್ಯಾಪ್’ ಕೊಟ್ಟಾಗ ಯಾವ ಬಗೆಯ ಬಿಲ್ಡ್ ಬೇಕೆಂದು ಕೇಳುತ್ತದೆ. ಬೇಗ ಮುಗಿಯುತ್ತದೆಂಬ ಆಸೆಗೆ ಆರ್ಟಿಫ್ಯಾಕ್ಟ್ ಬಿಲ್ಡ್ ಆರಿಸಬೇಡ. ಅದು ಆಗಲೇ ಕಂಪೈಲ್ ಆದ ಬೈನರಿಗಳನ್ನು ಇಳಿಸಿಕೊಳ್ಳುತ್ತದೆ, ನೀನು ತಿದ್ದಿದ ರಸ್ಟ್ ಅದರೊಳಗೆ ಸೇರುವುದೇ ಇಲ್ಲ. ನಿನಗೆ ಬೇಕಾದ್ದು ಫುಲ್ ಬಿಲ್ಡ್. ಮಳೆಗಾಲದಲ್ಲಿ ನಮ್ಮಲ್ಲಿನ ಕರೆಂಟಿನ ಅವಸ್ಥೆ ಗೊತ್ತಲ್ಲ, ಊರಿಗೆ ಬಂದು ಮಾಡುತ್ತೇನೆಂದು ಹೊರಡಬೇಡ. ಹಾಸ್ಟೆಲಿನಲ್ಲೇ ರಾತ್ರಿ ಹಾಕಿ ಮಲಗು. ಒಮ್ಮೆ ಆದ ಮೇಲೆ ಸಣ್ಣಪುಟ್ಟ ತಿದ್ದುಪಡಿಗೆ ‘ಮ್ಯಾಕ್ ಕಾರ್ಗೋ ಚೆಕ್’ ಸಾಕು, ಮೆಮೊರಿಯ ಬಳಕೆ ಸರಿಯಿದೆಯೇ ಎಂದು ನೋಡುವ ಬಾರೋ ಚೆಕ್ಕರಿನ ತಕರಾರೆಲ್ಲ ಅದರಲ್ಲೇ ಗೊತ್ತಾಗುತ್ತದೆ.

ಕಂಡಕಂಡ ಕ್ರೇಟ್ (ರಸ್ಟಿನ ಲೈಬ್ರರಿ) ಎಳೆದು ತರುವ ಚಾಳಿಯನ್ನೂ ಬಿಡು. ಹೊರಗಿನ ಕ್ರೇಟ್‌ಗಳ ಪ್ರತಿ ಸೋರ್ಸಿನ ‘ಥರ್ಡ್ ಪಾರ್ಟಿ’ ಫೋಲ್ಡರಿನಲ್ಲೇ ಇರುತ್ತದೆ. ಹೊಸತು ಸೇರಬೇಕಾದರೆ ಅದರ ಕೋಡನ್ನು ಪರಿಶೀಲಿಸಿ ದಾಖಲಿಸುವ ‘ಕಾರ್ಗೋ ವೆಟ್’ ಆಡಿಟ್ ಆಗಬೇಕು. ಹತ್ತು ಸಾಲಿನ ಕೆಲಸಕ್ಕೆ ಹೊಸ ಕ್ರೇಟ್ ತಂದರೆ ರಿವ್ಯೂ ಮಾಡುವವರು ಮುಖ ಸಿಂಡರಿಸದೆ ಇನ್ನೇನು?

ನಿಜವಾದ ಕಷ್ಟ ಇರುವುದು ಸಿ++ ಮತ್ತು ರಸ್ಟ್ ಸೇರುವಲ್ಲಿ. ಈಚೆ ರಸ್ಟಿನಲ್ಲಿ ಕಂಪೈಲರಿನ ಕಾವಲಿದೆ. ಆಚೆ ಸಿ++ನಿಂದ ಬಂದ ಪಾಯಿಂಟರ್ (ಮೆಮೊರಿಯ ವಿಳಾಸ) ಯಾರ ಸೊತ್ತು, ಎಷ್ಟು ಹೊತ್ತು ಬದುಕಿರುತ್ತದೆ, ಯಾರು ಫ್ರೀ ಮಾಡಬೇಕು, ಇದೊಂದೂ ಅದಕ್ಕೆ ತಿಳಿಯದು. ರಸ್ಟ್ ಫಂಕ್ಷನ್ನುಗಳನ್ನು ಸಿ++ಗೆ ಪರಿಚಯಿಸುವ ಹೆಡರ್ ಫೈಲನ್ನು ‘ಸಿಬೈಂಡ್‌ಜೆನ್’ ಎಂಬ ಸಾಧನ ಬರೆದುಕೊಟ್ಟೀತು, ಆ ಲೆಕ್ಕ ಮಾತ್ರ ನೀನೇ ಇಡಬೇಕು. ಕಂಪೈಲರಿನ ಕಾವಲು ಸಡಿಲವಾಗುವ ಅನ್‌ಸೇಫ್ ಬ್ಲಾಕ್ ಬರೆದಲ್ಲೆಲ್ಲ ಅದು ಯಾಕೆ ಸರಿ ಎಂದು ಮೇಲೊಂದು ಕಾಮೆಂಟ್ ಹಾಕು.

ಸ್ಟ್ರಿಂಗಿನ, ಅಂದರೆ ಅಕ್ಷರಗಳ ಸಾಲಿನ, ಸಂಗತಿಯನ್ನೇ ನೋಡು. ಆಚೆಯ ‘ಎನ್‌ಎಸ್‌ಸ್ಟ್ರಿಂಗ್’ ಯುಟಿಎಫ್-16, ಈಚೆ ರಸ್ಟಿನದು ಯುಟಿಎಫ್-8. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಎರಡು ಬಗೆ ಇವು. ‘ಕಾಸರಗೋಡು’ ಎಂದರೆ 8 ಕೋಡ್ ಪಾಯಿಂಟ್ (ಅಕ್ಷರಕ್ಕೂ ಸ್ವರಚಿಹ್ನೆಗೂ ತಲಾ ಒಂದು ಯುನಿಕೋಡ್ ಸಂಖ್ಯೆ). ಆಚೆ 16 ಬೈಟ್, ಈಚೆ 24. ಬರೀ ಇಂಗ್ಲಿಷ್ ಅಕ್ಷರ (ಯುಟಿಎಫ್-8ರಲ್ಲಿ ತಲಾ ಒಂದೇ ಬೈಟ್) ಕೊಟ್ಟು ಟೆಸ್ಟ್ ಮಾಡಿದವನು ಮೊದಲ 4 ಬೈಟ್ ಕತ್ತರಿಸುವ ಸಾಲು ಬರೆದರೂ ಎಲ್ಲ ಪಾಸಾಗುತ್ತದೆ. ನಮ್ಮ ಊರಿನ ಹೆಸರು ಕೊಟ್ಟು ನೋಡು: ‘ಕ’ ಮೂರು ಬೈಟ್, ಅದರ ದೀರ್ಘ ಇನ್ನು ಮೂರು, ಕತ್ತರಿ ಬೀಳುವುದು ದೀರ್ಘದ ಹೊಟ್ಟೆಗೆ. ರಸ್ಟ್ ಒಪ್ಪುವುದಿಲ್ಲ, ಪ್ಯಾನಿಕ್ ಆಗುತ್ತದೆ. ಫೈರ್‌ಫಾಕ್ಸಿನಲ್ಲಿ ಪ್ಯಾನಿಕ್ ಎಂದರೆ ಅಬಾರ್ಟ್, ಆ ಪ್ರೊಸೆಸ್ ಅಲ್ಲಿಗೆ ಮುಗಿಯಿತು. ಮುಖ್ಯ ಪ್ರೊಸೆಸ್ಸೇ ಆಗಿದ್ದರೆ ಬ್ರೌಸರೇ ಮಂಗಮಾಯ. ಹಾಗಾಗಿ ಟೆಸ್ಟಿಗೆ ಕನ್ನಡ, ಮಲಯಾಳ ಎರಡನ್ನೂ ಕೊಡು. ಎರರ್ ಬಂದರೆ ಪ್ಯಾನಿಕ್ ಮಾಡುವ, ಕಣ್ಣು ಮುಚ್ಚಿ ‘ಅನ್‌ರ್ಯಾಪ್’ ಹಾಕಬೇಡ.

ಅಂದ ಹಾಗೆ, ಸಿ++ ಫಂಕ್ಷನ್ ಕರೆಯುವ ರಸ್ಟ್ ಕೋಡ್ ಸಾಮಾನ್ಯ ಯೂನಿಟ್ ಟೆಸ್ಟಿನಲ್ಲಿ ಲಿಂಕ್ ಆಗುವುದಿಲ್ಲ. ಅದನ್ನು ಸಿ++ ಕೋಡನ್ನೂ ಸೇರಿಸಿಕೊಂಡು ಓಡುವ ‘ಜಿಟೆಸ್ಟ್’ ಮೂಲಕ ಓಡಿಸಬೇಕು. ಲಿಂಕರ್ ಎರರ್ ಉದ್ದಕ್ಕೆ ಬಂತೆಂದು ಗಾಬರಿಯಾಗಬೇಡ.

ಈ ವಾರ ಬಗ್ಗುಗಳ ಪಟ್ಟಿಯಿರುವ ಬಗ್‌ಜಿಲ್ಲಾದಲ್ಲಿ ಹೊಸಬರಿಗೆಂದೇ ‘ಗುಡ್ ಫಸ್ಟ್ ಬಗ್’ ಗುರುತಿರುವ, ರಸ್ಟಿಗೆ ಸಂಬಂಧಿಸಿದ ಒಂದನ್ನು ಹುಡುಕು. ತಿದ್ದುವ ಮೊದಲು ಆ ಫಂಕ್ಷನ್ನನ್ನು ಯಾರು ಯಾರು ಕರೆಯುತ್ತಾರೆಂದು ಕೋಡ್ ಹುಡುಕುವ ತಾಣವಾದ ಸರ್ಚ್‌ಫಾಕ್ಸ್‌ನಲ್ಲಿ ನೋಡಿಕೋ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಯಾರನ್ನಾದರೂ ಕೇಳುವುದಿದ್ದರೆ ಕೊಟ್ಟ ಕಮಾಂಡನ್ನೂ ಬಂದ ಎರರನ್ನೂ ಹಾಗೆಯೇ ಕಳಿಸು, ‘ಆಗ್ತಾ ಇಲ್ಲ’ ಎಂದಷ್ಟೇ ಬರೆದರೆ ಯಾರೂ ತಿರುಗಿ ನೋಡರು.

ರಿವ್ಯೂನಲ್ಲಿ ಟೀಕೆಗಳ ಸುರಿಮಳೆಯಾದರೆ ಅಪ್ಪನಿಗೆ ಫೋನ್ ಮಾಡಿ ಗೋಳಾಡಬೇಡ. ಅಡಿಕೆಯ ಕೊಳೆರೋಗದ ಚಿಂತೆಯೇ ಅವನಿಗೆ ಸಾಕಷ್ಟಿದೆ. ನನಗೆ ಕಳಿಸು, ಕೂತು ನೋಡೋಣ.

ಇತಿ,
ನಿನ್ನ ಅತ್ತೆ